ಓದುಗರ ಪ್ರಶ್ನೆ, ನಮ್ಮ ಉತ್ತರ: ಟಾಲರೆನ್ಸಿಗೆ ಯಾವ ಸಾಮರ್ಥ್ಯ ಸೂಚ್ಯಂಕ?

ಪ್ರಶ್ನೆ: ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಸಿಎನ್‌ಸಿ ಲೇತ್‌ಗಳ ಸಣ್ಣ ಘಟಕ ನಡೆಸುತ್ತಿದ್ದೇನೆ. 25 ಮಿಲಿಮೀಟರ್ ವ್ಯಾಸದ ಉಕ್ಕಿನ ಪಿನ್ ಒಂದನ್ನು ಮಾಡಿಕೊಡುತ್ತೇವೆ; ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಒಪ್ಪಬಹುದಾದ ಏರುಪೇರು) 0.030 ಮಿ.ಮೀ. ಮೇಲೆ, 0.030 ಮಿ.ಮೀ. ಕೆಳಗೆ. ಗ್ರಾಹಕರು ‘ಪ್ರಕ್ರಿಯಾ ಸಾಮರ್ಥ್ಯ 1.33 ಇರಬೇಕು’ ಎಂದಷ್ಟೇ ಬರೆದಿದ್ದಾರೆ. ಒಂದು ವಾರ ಕಾಲ ಎರಡೂ ಶಿಫ್ಟುಗಳಲ್ಲಿ ಐದೈದು ಪಿನ್‌ಗಳ 25 ಗುಂಪುಗಳನ್ನು ಅಳೆದೆವು. ಸರಾಸರಿ 25.012, ಗುಂಪುಗಳ ವ್ಯಾಪ್ತಿಯ ಸರಾಸರಿ 0.014, ಒಟ್ಟು 125 ಪಿನ್‌ಗಳ ಮಾನಕ ವಿಚಲನೆ (ಸರಾಸರಿಯ ಸುತ್ತಲಿನ ಹರವಿನ ಅಳತೆ) 0.009 ಬಂದಿದೆ. ಕಂಪ್ಯೂಟರ್ ಕೊಟ್ಟ ಉತ್ತರ: ಸಿಪಿ 1.66, ಸಿಪಿಕೆ 1.00, ಪಿಪಿ 1.11, ಪಿಪಿಕೆ 0.67. ಇವುಗಳಲ್ಲಿ ಯಾವುದನ್ನು ಬರೆದು ಕಳಿಸಬೇಕು? ಹೊಸ ಲೇತ್‌ಗಾಗಿ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೇನೆ, ಅದು ಅನಿವಾರ್ಯವೇ?

ಉತ್ತರ: ಸಾಲದ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಿರಿ. ನಿಮ್ಮ ಲೇತ್ ಅಸಮರ್ಥವಲ್ಲ ಎಂಬುದನ್ನು ನೀವೇ ಕಳಿಸಿರುವ ನಾಲ್ಕು ಅಂಕಿಗಳು ಹೇಳುತ್ತಿವೆ, ಆದರೆ ಅವುಗಳನ್ನು ಬಿಡಿಬಿಡಿಯಾಗಿ ಓದಿದರೆ ಅದು ಕಾಣುವುದಿಲ್ಲ. ಈ ನಾಲ್ಕರಲ್ಲಿ ಒಂದನ್ನು ಆರಿಸುವುದಕ್ಕಿಂತ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವ ಅಂತರ ಎಷ್ಟು, ಆ ಅಂತರ ಎಲ್ಲಿಂದ ಬಂತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಸಿಪಿ ಎಂಬುದು ಡ್ರಾಯಿಂಗ್ ಕೊಟ್ಟಿರುವ ಜಾಗವನ್ನು ಪ್ರಕ್ರಿಯೆ ತೆಗೆದುಕೊಳ್ಳುವ ಜಾಗದಿಂದ ಭಾಗಿಸಿದಾಗ ಸಿಗುವ ಅಂಕಿ. ನಿಮಗೆ ಸಿಕ್ಕಿರುವ ಜಾಗ 0.060 ಮಿ.ಮೀ. ಐದರ ಗುಂಪಿಗೆ ನಿಗದಿಯಾದ 2.326 ಎಂಬ ಗುಣಾಂಕದಿಂದ ನಿಮ್ಮ 0.014ನ್ನು ಭಾಗಿಸಿದರೆ ಗುಂಪಿನೊಳಗಿನ ಮಾನಕ ವಿಚಲನೆ ಸುಮಾರು 0.006 ಬರುತ್ತದೆ, ಅದರ ಆರು ಪಟ್ಟು 0.036. ಅರವತ್ತು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಗಲದ ದಾರಿಯಲ್ಲಿ ಮೂವತ್ತಾರು ಮೈಕ್ರಾನ್ ಅಗಲದ ಗಾಡಿ ಹೋಗುತ್ತಿದೆ ಎಂದ ಮೇಲೆ ಗಾಡಿ ದೊಡ್ಡದಾಯಿತು ಎನ್ನುವಂತಿಲ್ಲ. ಆದರೆ ಗಾಡಿ ದಾರಿಯ ನಡುವೆ ಹೋಗುತ್ತಿದೆಯೋ ಅಂಚಿಗೆ ಒತ್ತಿಕೊಂಡಿದೆಯೋ ಎಂಬುದನ್ನು ಸಿಪಿ ನೋಡುವುದಿಲ್ಲ. ಅದನ್ನು ನೋಡುವುದು ಸಿಪಿಕೆ: ಸರಾಸರಿಯಿಂದ ಹತ್ತಿರದ ಮಿತಿಗೆ ಇರುವ ದೂರವನ್ನು ಮಾನಕ ವಿಚಲನೆಯ ಮೂರು ಪಟ್ಟಿನಿಂದ ಭಾಗಿಸುವ ಲೆಕ್ಕ ಅದು. ನಿಮ್ಮ ಸರಾಸರಿಯಿಂದ ಮೇಲಿನ ಮಿತಿಗೆ ಉಳಿದಿರುವುದು 0.018 ಮಾತ್ರ. ಆದ್ದರಿಂದಲೇ 1.66 ಇದ್ದದ್ದು 1.00ಕ್ಕೆ ಇಳಿಯಿತು.

ಈ ಇಳಿತದ ಕಾರಣವನ್ನು ನಾನು ಇಲ್ಲಿಂದಲೇ ಊಹಿಸಬಲ್ಲೆ, ಏಕೆಂದರೆ ಹೊರವ್ಯಾಸ ಕಡೆಯುವ ಹೆಚ್ಚಿನ ಘಟಕಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ. ವ್ಯಾಸ ಹೆಚ್ಚಾದರೆ ಇನ್ನೊಂದು ಕಟ್ ಕೊಟ್ಟು ಸರಿಪಡಿಸಬಹುದು, ಕಡಿಮೆಯಾದರೆ ಪಿನ್ ಗುಜರಿಗೆ ಹೋಗುತ್ತದೆ. ಹೀಗಾಗಿ ಆಪರೇಟರ್ ತನಗೆ ಬೈಗುಳ ಬಾರದಿರಲೆಂದು ಸೆಟ್ಟಿಂಗನ್ನು ಮೇಲಿನ ಕಡೆಗೇ ಇಟ್ಟುಕೊಳ್ಳುತ್ತಾನೆ. ಅದರ ಮೇಲೆ ಇನ್ಸರ್ಟ್ (ಲೋಹ ಕಡೆಯುವ, ಬದಲಿಸಬಹುದಾದ ಮೊನೆ) ಸವೆದಂತೆಲ್ಲ ವ್ಯಾಸ ಇನ್ನೂ ಏರುತ್ತದೆ. ಇದು ಯಂತ್ರದ ದೋಷವೂ ಅಲ್ಲ, ಆಪರೇಟರನ ಅಸಡ್ಡೆಯೂ ಅಲ್ಲ; ಗುಜರಿಯನ್ನು ಮಾತ್ರ ಲೆಕ್ಕ ಹಾಕಿ ರೀವರ್ಕನ್ನು ಲೆಕ್ಕಕ್ಕೆ ಹಿಡಿಯದ ಘಟಕದಲ್ಲಿ ಯಾರಾದರೂ ಹಾಗೆಯೇ ಮಾಡುತ್ತಾರೆ. ಆಫ್‌ಸೆಟ್‌ (ಉಪಕರಣದ ಸ್ಥಾನಕ್ಕೆ ಲೇತಿನಲ್ಲಿ ಕೊಡುವ ಅಂಕಿ) ತಿದ್ದಿ ಸರಾಸರಿಯನ್ನು 25.000ಕ್ಕೆ ತರಲು ಒಂದು ರೂಪಾಯಿಯೂ ಬೇಕಿಲ್ಲ, ಆದರೆ ಒಂದೆರಡು ಪಿನ್ ಚಿಕ್ಕದಾದರೂ ಗದರುವುದಿಲ್ಲವೆಂದು ನೀವು ಆಪರೇಟರ್‌ಗೆ ಮೊದಲು ಹೇಳಬೇಕಾಗುತ್ತದೆ.

ಎರಡನೆಯ ಅಂತರ ಸಿಪಿಗೂ ಪಿಪಿಗೂ ನಡುವಿನದು. ನನಗೆ ಇದು ಮೊದಲನೆಯದಕ್ಕಿಂತ ಮುಖ್ಯವೆನಿಸುತ್ತದೆ. ಎರಡರ ಸೂತ್ರವೂ ಒಂದೇ, ಒಳಗೆ ಹಾಕುವ ಮಾನಕ ವಿಚಲನೆ ಮಾತ್ರ ಬೇರೆ. ಬೆನ್ನುಬೆನ್ನಿಗೆ ತೆಗೆದ ಐದು ಪಿನ್‌ಗಳ ನಡುವಿನ ವ್ಯತ್ಯಾಸ ಸಿಪಿ, ಸಿಪಿಕೆಗಳಿಗೆ ಹೋಗುತ್ತದೆ. ವಾರವಿಡೀ, ಎರಡೂ ಶಿಫ್ಟು, ಹೊಸ ಇನ್ಸರ್ಟು, ಹಳೆ ಇನ್ಸರ್ಟು, ಬೇರೆ ಬೇರೆ ಕಂಬಿ ಎಲ್ಲವೂ ಸೇರಿದ ವ್ಯತ್ಯಾಸ ಪಿಪಿ, ಪಿಪಿಕೆಗಳಿಗೆ ಹೋಗುತ್ತದೆ. ಮಾನಕ ವಿಚಲನೆಗಳನ್ನು ನೇರವಾಗಿ ಕಳೆಯುವಂತಿಲ್ಲ, ವರ್ಗ ಮಾಡಿ ಕಳೆಯಬೇಕು. 0.009ರ ವರ್ಗದಿಂದ 0.006ರ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಸುಮಾರು 0.0067 ಉಳಿಯುತ್ತದೆ. ಅಂದರೆ ಗುಂಪಿನಿಂದ ಗುಂಪಿಗೆ ಆಗುತ್ತಿರುವ ಸರಿತ, ಯಂತ್ರದ ಸಹಜ ನಡುಕಕ್ಕಿಂತಲೂ ದೊಡ್ಡದಾಗಿದೆ. ಹೊಸ ಲೇತ್ ಕೊಂಡರೂ ಅದೇ ಇನ್ಸರ್ಟ್ ಬದಲಾವಣೆಯ ಪದ್ಧತಿ, ಅದೇ ಶಿಫ್ಟು ಬದಲಾವಣೆಯ ಪದ್ಧತಿ ಮುಂದುವರಿದರೆ ಈ ಸರಿತ ಹೊಸ ಲೇತಿಗೂ ಬರುತ್ತದೆ.

ಆದ್ದರಿಂದ ಸೂಚ್ಯಂಕಕ್ಕಿಂತ ಮೊದಲು ನಿಯಂತ್ರಣ ನಕ್ಷೆ ಬರೆಯಿರಿ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಒಂದು ಪುಟದ ಟಿಪ್ಪಣಿಯಲ್ಲಿ ಮುಂದಿಟ್ಟ ಆ ನಕ್ಷೆಗೆ ಇಂದಿಗೂ ಬದಲಿ ಇಲ್ಲ. ನಿಮ್ಮ 25 ಗುಂಪುಗಳ ಸರಾಸರಿಗಳನ್ನು ಸಮಯದ ಕ್ರಮದಲ್ಲಿ ಗುರುತಿಸಿ; 0.014ನ್ನು 0.577ರಿಂದ ಗುಣಿಸಿದರೆ 0.008 ಬರುತ್ತದೆ, ಹಾಗಾಗಿ ನಿಯಂತ್ರಣ ಗೆರೆಗಳು 25.004 ಮತ್ತು 25.020. ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದರೆ ಹಲವು ಚುಕ್ಕೆಗಳು ಈ ಗೆರೆಗಳ ಆಚೆ ಬೀಳಲೇಬೇಕು. ಚುಕ್ಕೆಗಳು ಮೆಲ್ಲಗೆ ಏರಿ ಥಟ್ಟನೆ ಇಳಿಯುವ ಗರಗಸದ ಹಲ್ಲಿನಂತೆ ಕಂಡರೆ ಅದು ಇನ್ಸರ್ಟ್ ಸವೆತ. ಶಿಫ್ಟು ಬದಲಾದೊಡನೆ ಇಡೀ ಗುಂಪು ಮೇಲಕ್ಕೋ ಕೆಳಕ್ಕೋ ಜಿಗಿದರೆ ಅದು ಸೆಟ್ಟಿಂಗ್ ಅಥವಾ ಅಳತೆ ಮಾಡುವ ಕೈ. ನಕ್ಷೆ ಸ್ಥಿರವಾಗದೆ ಬರೆದ ಸಿಪಿಕೆ ನಾಳೆ ಬರುವ ಪಿನ್‌ಗಳ ಬಗ್ಗೆ ಯಾವ ಭರವಸೆಯನ್ನೂ ಕೊಡಲಾರದು.

ಹೀಗಾಗಿ ಈಗ ಕಳಿಸಬೇಕಾದ ಅಂಕಿ ಪಿಪಿಕೆ 0.67, ಅದರ ಜೊತೆಗೆ ಉಳಿದ ಮೂರು ಅಂಕಿಗಳು ಮತ್ತು ನಕ್ಷೆ. ಗ್ರಾಹಕರ ಕೈಗೆ ಸಿಗುವುದು ವಾರವಿಡೀ ಮಾಡಿದ ಪಿನ್‌ಗಳೇ ಹೊರತು ಬೆನ್ನುಬೆನ್ನಿಗೆ ತೆಗೆದ ಐದಲ್ಲ. 0.67 ಎಂದರೆ ಹತ್ತಿರದ ಮಿತಿ ಎರಡು ಸಿಗ್ಮಾ (ಮಾನಕ ವಿಚಲನೆಯ ಎರಡು ಪಟ್ಟು) ದೂರದಲ್ಲಿದೆ ಎಂದರ್ಥ. ವಿತರಣೆ ಪ್ರಸಾಮಾನ್ಯವಾಗಿದ್ದರೆ, ಅಂದರೆ ಅಳತೆಗಳು ಗಂಟೆಯಾಕಾರದಲ್ಲಿ ಹರಡಿದ್ದರೆ, ಸಾವಿರಕ್ಕೆ ಸುಮಾರು 23 ಪಿನ್ ಮೇಲಿನ ಮಿತಿಯನ್ನು ದಾಟುತ್ತವೆ. 1.66ನ್ನು ಮಾತ್ರ ಬರೆದು ಕಳಿಸಿದರೆ ಲೆಕ್ಕ ಸುಳ್ಳಾಗುವುದಿಲ್ಲ, ಆದರೆ ಓದಿದವರಿಗೆ ತಪ್ಪು ತಿಳಿವಳಿಕೆ ಕೊಟ್ಟಂತಾಗುತ್ತದೆ. ‘ಸಾಮರ್ಥ್ಯ’ ಎಂಬ ಪದಕ್ಕೆ ಸಿಪಿಕೆಯೋ ಪಿಪಿಕೆಯೋ ಎಂದು ಗ್ರಾಹಕರಿಂದ ಬರಹದಲ್ಲೇ ಕೇಳಿ ತಿಳಿಯಿರಿ. ವಾಹನ ಉದ್ಯಮದ ಬಿಡಿಭಾಗ ಅನುಮೋದನೆಯ ಕ್ರಮದಲ್ಲಿ ಮೊದಲ ಅಧ್ಯಯನಕ್ಕೆ ಕನಿಷ್ಠ 25 ಗುಂಪು, 100 ಅಳತೆ ಕೇಳುತ್ತಾರೆ, ಅಂಕಿ 1.67ಕ್ಕಿಂತ ಹೆಚ್ಚಿದ್ದರೆ ಒಪ್ಪಿಗೆ, 1.33ಕ್ಕಿಂತ ಕಡಿಮೆಯಿದ್ದರೆ ಇಲ್ಲ, ನಡುವೆ ಇದ್ದರೆ ಗ್ರಾಹಕರ ವಿವೇಚನೆ. ನಿಮ್ಮ ಪಿನ್ ಆ ಕ್ರಮಕ್ಕೆ ಸೇರುವುದಾದರೆ 1.33 ಕೂಡ ನೆಮ್ಮದಿಯ ಅಂಕಿಯಲ್ಲ.

ನಿಮ್ಮ ಗುರಿ ಏನಿರಬೇಕು ಎಂಬುದನ್ನೂ ಲೆಕ್ಕ ಹಾಕಿಬಿಡೋಣ. ಸರಾಸರಿ ನಡುವಿಗೆ ಬಂದರೆ ಪಿಪಿಕೆ ತಾನಾಗಿ 1.11 ಆಗುತ್ತದೆ. ಅಲ್ಲಿಂದ 1.33 ಮುಟ್ಟಲು ಒಟ್ಟು ಮಾನಕ ವಿಚಲನೆ 0.009ರಿಂದ 0.0075ಕ್ಕೆ ಇಳಿಯಬೇಕು, ಅಂದರೆ ಗುಂಪುಗಳ ನಡುವಿನ ಸರಿತ 0.0067ರಿಂದ 0.0045ಕ್ಕೆ ಇಳಿದರೆ ಸಾಕು. ಇಂತಿಷ್ಟು ಪಿನ್‌ಗೊಮ್ಮೆ ಆಫ್‌ಸೆಟ್ ತಿದ್ದುವ, ಸವೆಯುವ ಮೊದಲೇ ಇನ್ಸರ್ಟ್ ಬದಲಿಸುವ ಕಟ್ಟುಪಾಡಿನಿಂದ ಇದು ಸಾಧ್ಯವಾಗುವಂಥದ್ದು.

ಇನ್ನು ಮೈಕ್ರೋಮೀಟರ್. 0.01 ಮಿ.ಮೀ. ಮಾತ್ರ ಓದಬಲ್ಲ ಉಪಕರಣದಿಂದ ಈ ಕೆಲಸ ಆಗದು, 0.001 ಓದುವಂಥದ್ದು ಬೇಕು. ಅಳತೆಯ ವ್ಯತ್ಯಾಸವೂ ಪಿನ್‌ನ ವ್ಯತ್ಯಾಸದ ಲೆಕ್ಕಕ್ಕೇ ಸೇರಿಕೊಳ್ಳುತ್ತದೆ: ನಿಮ್ಮ 0.006ರಲ್ಲಿ ಅಳತೆಯ ಪಾಲು 0.003 ಇದ್ದರೆ ಪಿನ್‌ನ ನಿಜವಾದ ವಿಚಲನೆ 0.0052, ಸಿಪಿ 1.92. ಜೊತೆಗೆ ನಮ್ಮ ಮಲೆನಾಡಿನ ಹವೆಯನ್ನೂ ಲೆಕ್ಕಕ್ಕೆ ತನ್ನಿ. ಮಾಗಿಯ ಬೆಳಗಿನ ಚಳಿಯಲ್ಲಿ ಮೈಕ್ರೋಮೀಟರ್ ತಣ್ಣಗಿರುತ್ತದೆ, ಆಗತಾನೇ ಕಡೆದ ಪಿನ್ ಬೆಚ್ಚಗಿರುತ್ತದೆ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುವುದರಿಂದ, 12 ಡಿಗ್ರಿ ಹೆಚ್ಚು ಬಿಸಿಯಿರುವ 25 ಮಿ.ಮೀ. ಪಿನ್ ಸುಮಾರು 3.5 ಮೈಕ್ರಾನ್ ದಪ್ಪ ತೋರುತ್ತದೆ. ಅದು ಗುಂಪಿನೊಳಗಿನ ನಿಮ್ಮ ಸಿಗ್ಮಾದ (0.006) ಅರ್ಧಕ್ಕಿಂತ ಹೆಚ್ಚು. ಪಿನ್ ಮತ್ತು ಉಪಕರಣ ಎರಡನ್ನೂ ಒಂದೇ ಕಬ್ಬಿಣದ ಹಲಗೆಯ ಮೇಲೆ ಇರಿಸಿ, ಎರಡರ ಬಿಸಿ ಒಂದಾದ ಮೇಲೆ ಅಳೆಯಿರಿ.

ನಾನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಬಹಳ ವರ್ಷಗಳ ಹಿಂದೆ ಶಿವಮೊಗ್ಗದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿದ್ದಾಗ, ಬೆಳಗ್ಗೆ ಸೆಟ್ಟಿಂಗ್ ಮುಗಿದೊಡನೆ ಸಾಲಾಗಿ ತೆಗೆದ 30 ತುಂಡುಗಳನ್ನು ಅಳೆದು 1.8 ಎಂದು ಸಹಿ ಹಾಕಿ ಕಳಿಸಿದ್ದೆ. ಮೂರು ವಾರಗಳಲ್ಲಿ ಒಂದು ಲಾರಿ ಮಾಲು ಹಿಂದಿರುಗಿ ಬಂತು, ಅದನ್ನು ಒಂದೊಂದಾಗಿ ಅಳೆದು ವಿಂಗಡಿಸಲು ಹನ್ನೆರಡು ಮಂದಿ ಹಗಲು ರಾತ್ರಿ ಕೂತರು. ನನ್ನ ಲೆಕ್ಕದಲ್ಲಿ ಗುಣಾಕಾರ ಭಾಗಾಕಾರದ ತಪ್ಪಿರಲಿಲ್ಲ. ಬೆಳಗಿನ ಒಂದು ಗಂಟೆಯನ್ನು ಇಡೀ ತಿಂಗಳೆಂದು ತಿಳಿದದ್ದು ತಪ್ಪಾಗಿತ್ತು. ಮೂವತ್ತು ತುಂಡು ಎಂಬ ಸಂಖ್ಯೆಯೂ ಅಷ್ಟೇ ಮೋಸದ್ದು: 30 ಅಳತೆಗಳಿಂದ 1.33 ಎಂದು ಬಂದ ಸಿಪಿಕೆಯ ನಿಜವಾದ ಬೆಲೆ, 95 ಶೇಕಡಾ ಭರವಸೆಯಲ್ಲಿ, 0.97ರಿಂದ 1.69ರವರೆಗೆ ಎಲ್ಲಿಯಾದರೂ ಇರಬಹುದು. 100 ಅಳತೆ ಇದ್ದರೆ ಅದು 1.13ರಿಂದ 1.53ಕ್ಕೆ ಕಿರಿದಾಗುತ್ತದೆ.

ಪ್ರಶ್ನೆ: ಅದೇ ತರಹದ ಶಾಫ್ಟ್‌ಗಳಲ್ಲಿ ನಮಗೆ ರನ್‌ಔಟ್ (ತಿರುಗುವಾಗಿನ ಓಲಾಟ) 0.05 ಮಿ.ಮೀ. ಮೀರಬಾರದೆಂಬ ನಿಬಂಧನೆ ಇದೆ. ಕೆಳಗಿನ ಮಿತಿ ಸೊನ್ನೆ ಎಂದು ಹಾಕಿ ಲೆಕ್ಕ ಮಾಡಿದರೆ, ಶಾಫ್ಟ್ ನೆಟ್ಟಗಾದಷ್ಟೂ ಸಿಪಿಕೆ ಕೆಡುತ್ತಿದೆ. — ನಿದಿಗೆಯ ಓದುಗರು

ಉತ್ತರ: ಸೊನ್ನೆಯನ್ನು ಮಿತಿಯೆಂದು ಹಾಕಬಾರದು. ಅದು ಡ್ರಾಯಿಂಗ್ ವಿಧಿಸಿದ ಮಿತಿಯಲ್ಲ, ಪ್ರಕೃತಿಯೇ ಹಾಕಿದ ಗೋಡೆ; ಆ ಗೋಡೆಗೆ ಹತ್ತಿರವಾಗುವುದೇ ನಿಮ್ಮ ಗುರಿ. ಇಂಥ ಕಡೆ ಸಿಪಿಗೆ ಅರ್ಥವಿಲ್ಲ, ಮೇಲಿನ ಮಿತಿಯ ಸಿಪಿಕೆಯೊಂದೇ ಸಾಕು. ಅದರಲ್ಲೂ ಒಂದು ತೊಡಕಿದೆ: ರನ್‌ಔಟ್, ಸಮತಲತೆ, ದುಂಡುತನ ಮುಂತಾದ ಅಳತೆಗಳು ಸೊನ್ನೆಯ ಬಳಿ ಗುಂಪುಗೂಡಿ ಮೇಲಕ್ಕೆ ಬಾಲ ಚಾಚುತ್ತವೆ, ಗಂಟೆಯಾಕಾರದಲ್ಲಿ ಹರಡುವುದಿಲ್ಲ. ಉದಾಹರಣೆಗೆ ಸರಾಸರಿ 0.017, ಮಾನಕ ವಿಚಲನೆ 0.009 ಇದ್ದರೆ ಸಾಮಾನ್ಯ ಸೂತ್ರ 1.22 ಎನ್ನುತ್ತದೆ. ಬಾಲವನ್ನು ಗಣನೆಗೆ ತೆಗೆದುಕೊಳ್ಳುವ ವಿಧಾನದಲ್ಲಿ ಸರಾಸರಿಯ ಬದಲು ಮಧ್ಯಾಂಕವನ್ನೂ, ಮೂರು ಸಿಗ್ಮಾದ ಬದಲು ಮಧ್ಯಾಂಕದಿಂದ 99.865 ಶೇಕಡಾ ಅಳತೆಗಳು ಅಡಗುವ ಬಿಂದುವಿನವರೆಗಿನ ದೂರವನ್ನೂ ಹಾಕುತ್ತಾರೆ. ಮಧ್ಯಾಂಕ 0.015, ಆ ಬಿಂದು 0.047 ಆಗಿದ್ದರೆ ಉತ್ತರ 1.09. ನೂರು ತುಂಡುಗಳಿಂದ ಆ ಬಿಂದುವನ್ನು ನೇರವಾಗಿ ಓದಲಾಗದು, ವೀಬುಲ್ ಅಥವಾ ಲಾಗ್‌ನಾರ್ಮಲ್‌ನಂಥ ಹೊಂದುವ ವಿತರಣೆಯೊಂದನ್ನು ಕೂರಿಸಿ ಅಂದಾಜು ಮಾಡಬೇಕಾಗುತ್ತದೆ.

ಪ್ರಶ್ನೆ: ನಾವು ಎಸ್‌ಜಿ ಕಬ್ಬಿಣದ ಎರಕ ಮಾಡುವವರು. ಗಡಸುತನ 170ರಿಂದ 230 ಬ್ರಿನೆಲ್ ಇರಬೇಕು. ಪ್ರತಿ ಹೀಟ್‌ನಿಂದ (ಒಮ್ಮೆಗೆ ಕರಗಿಸಿದ ಲೋಹದಿಂದ) ಐದು ತುಂಡು ಅಳೆದಾಗ ಸಿಪಿ 3ಕ್ಕಿಂತ ಹೆಚ್ಚು ಬರುತ್ತದೆ, ಆದರೂ ಗ್ರಾಹಕರಿಂದ ದೂರು ನಿಲ್ಲುತ್ತಿಲ್ಲ. — ಭದ್ರಾವತಿಯ ಓದುಗರು

ಉತ್ತರ: 1923ರಿಂದ ಕಬ್ಬಿಣ ಕರಗಿಸಿದ ಊರಿನವರಿಗೆ ಹೀಟ್‌ನಿಂದ ಹೀಟ್‌ಗೆ ಲೋಹ ಹೇಗೆ ಬದಲಾಗುತ್ತದೆಂದು ನಾನು ಹೇಳಬೇಕಿಲ್ಲ, ಆ ಬದಲಾವಣೆ ನಿಮ್ಮ ಲೆಕ್ಕದ ಹೊರಗೆ ಉಳಿದಿದೆ, ಅಷ್ಟೇ. ಒಂದೇ ಕುಲುಮೆಯ ಒಂದೇ ಹೀಟ್‌ನ ಐದು ತುಂಡುಗಳು ಒಡಹುಟ್ಟಿದವರಂತೆ ಒಂದನ್ನೊಂದು ಹೋಲುತ್ತವೆ. ಅವುಗಳ ನಡುವಿನ ವಿಚಲನೆ 3, ಹೀಟ್‌ಗಳ ನಡುವಿನ ವಿಚಲನೆ 8 ಎಂದಿಟ್ಟುಕೊಳ್ಳಿ. ಹೀಟ್‌ನೊಳಗಿನ ಲೆಕ್ಕದಲ್ಲಿ ಸಿಪಿ 3.33 ಬರುತ್ತದೆ, ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ವಿಚಲನೆ 8.5, ಪಿಪಿ 1.17. ನಿಮಗೆ ಬೇಕಾದ ಸೂಚ್ಯಂಕ ಪಿಪಿಕೆಯೇ. ನಕ್ಷೆಯನ್ನೂ ಹೀಟ್‌ಗಳ ಸರಾಸರಿಯನ್ನೇ ಒಂದೊಂದು ಬಿಡಿ ಅಳತೆಯೆಂದು ಹಿಡಿದು, ಅಕ್ಕಪಕ್ಕದ ಹೀಟ್‌ಗಳ ವ್ಯತ್ಯಾಸದಿಂದ ಗೆರೆ ಎಳೆದು ಬರೆಯಿರಿ. ಗಡಸುತನ ಏರಿದ ಹೀಟ್‌ಗಳ ಕುಲುಮೆಗೆ ಹಾಕಿದ ಗುಜರಿ ಲೋಹದ ಲೆಕ್ಕವನ್ನು ಒಮ್ಮೆ ತಿರುವಿ ನೋಡಿ: ತಾಮ್ರ, ಮ್ಯಾಂಗನೀಸ್ ಹೆಚ್ಚಿದ್ದಲ್ಲಿ ಪರ್ಲೈಟ್ ಎಂಬ ಗಡಸು ಒಳರಚನೆ ಹೆಚ್ಚಿ ಗಡಸುತನ ಏರುತ್ತದೆ. ಅಚ್ಚನ್ನು ಬೇಗ ಒಡೆದು ತುಂಡನ್ನು ಬಿಸಿಯಾಗಿರುವಾಗಲೇ ಹೊರತೆಗೆದರೂ ಅದೇ ಫಲ.

ಪ್ರಶ್ನೆ: ಸಿಪಿಕೆ ಇರುವಾಗ ಸಿಪಿಎಮ್ ಎಂಬ ಇನ್ನೊಂದು ಸೂಚ್ಯಂಕ ಏಕೆ ಬೇಕಾಯಿತು? — ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಒಂದೇ ಟಾಲರೆನ್ಸಿನಲ್ಲಿ, ಮೇಲೆ 0.030 ಕೆಳಗೆ 0.030, ಎರಡು ಘಟಕಗಳನ್ನು ಊಹಿಸಿಕೊಳ್ಳಿ. ಒಂದರ ವಿಚಲನೆ 0.010, ಸರಾಸರಿ ಸರಿಯಾಗಿ ನಡುವೆ. ಇನ್ನೊಂದರ ವಿಚಲನೆ 0.005, ಸರಾಸರಿ ನಡುವಿನಿಂದ 0.015 ಸರಿದಿದೆ. ಎರಡಕ್ಕೂ ಸಿಪಿಕೆ 1.00. ಆದರೆ ಮೊದಲನೆಯ ಘಟಕದ ಹೆಚ್ಚಿನ ತುಂಡುಗಳು ಗುರಿಯ ಸುತ್ತಲಿವೆ, ಎರಡನೆಯದರ ತುಂಡುಗಳಲ್ಲಿ ಗುರಿಯ ಮೇಲೆ ಬಿದ್ದದ್ದು ಅತಿ ವಿರಳ. ಗುರಿಯಿಂದ ದೂರ ಸರಿದಂತೆ ನಷ್ಟ ಆ ದೂರದ ವರ್ಗದಂತೆ ಬೆಳೆಯುತ್ತದೆಂಬ ಜಪಾನಿನ ಎಂಜಿನಿಯರ್ ಗೆನಿಚಿ ತಾಗುಚಿಯವರ ವಿಚಾರ ಇಲ್ಲಿ ಕೆಲಸ ಮಾಡುತ್ತದೆ. ಅವರು 1950ರ ದಶಕದ ನಡುವಿನಲ್ಲಿ ಕೊಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದವರು ಎಂಬುದನ್ನು ನಿಮ್ಮಂಥ ವಿದ್ಯಾರ್ಥಿಗಳು ತಿಳಿದಿರಬೇಕೆಂದು ನನ್ನ ಆಸೆ. 1985ರಲ್ಲಿ ಶಿಯಾಂಗ್ ಮತ್ತು ತಾಗುಚಿ, 1988ರಲ್ಲಿ ಚಾನ್, ಚೆಂಗ್ ಮತ್ತು ಸ್ಪೈರಿಂಗ್ ಮುಂದಿಟ್ಟ ಸಿಪಿಎಮ್‌ನಲ್ಲಿ ವಿಚಲನೆಯ ವರ್ಗಕ್ಕೆ ಸರಾಸರಿ ಗುರಿಯಿಂದ ಸರಿದ ದೂರದ ವರ್ಗವನ್ನು ಕೂಡಿಸಿ, ಅದರ ವರ್ಗಮೂಲವನ್ನು ಸಿಗ್ಮಾದ ಜಾಗದಲ್ಲಿ ಇಡುತ್ತಾರೆ. ಆಗ ಮೊದಲ ಘಟಕಕ್ಕೆ 1.00, ಎರಡನೆಯದಕ್ಕೆ 0.63. ಬೇರಿಂಗ್ ಕೂರುವ ಜಾಗದಂಥ, ಮಿತಿಯೊಳಗಿದ್ದರೂ ಗುರಿ ತಪ್ಪಿದರೆ ಜೋಡಣೆ ಕೆಡುವ ಕಡೆ ಇದನ್ನು ಬಳಸಬೇಕು. ಆದರೆ ಎರಡನೆಯ ಘಟಕದ ಸಿಪಿ 2.00 ಎಂಬುದನ್ನೂ ಗಮನಿಸಿ: ಒಂದು ಆಫ್‌ಸೆಟ್ ತಿದ್ದುಪಡಿಯಲ್ಲಿ ಅದು ಮೊದಲನೆಯದನ್ನು ಬಹುದೂರ ಹಿಂದೆ ಹಾಕಬಲ್ಲದು.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರಕ್ಕೆ ಬುಷ್‌ಗಳನ್ನು ತಿಂಗಳಿಗೆ ಹದಿನೈದು ಇಪ್ಪತ್ತರಂತೆ, ಮೂರು ನಾಲ್ಕು ಅಳತೆಗಳಲ್ಲಿ ಮಾಡುತ್ತೇವೆ. ನಮಗೆ ಯಾವ ಸೂಚ್ಯಂಕ? — ಸಾಗರದ ಓದುಗರು

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ಹದಿನೈದು ಬುಷ್‌ಗಳಿದ್ದರೆ ಹದಿನೈದನ್ನೂ ಅಳೆಯಿರಿ. ಅಳೆದ ವ್ಯಾಸವನ್ನು ಬರೆಯುವ ಬದಲು ಡ್ರಾಯಿಂಗಿನ ಅಳತೆಯಿಂದ ಎಷ್ಟು ಮೈಕ್ರಾನ್ ಹೆಚ್ಚು ಅಥವಾ ಕಡಿಮೆ ಎಂಬ ವ್ಯತ್ಯಾಸವನ್ನು ಮಾತ್ರ, ಕಡೆದ ಕ್ರಮದಲ್ಲೇ, ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋಗಿ. ಯಂತ್ರ, ಲೋಹ ಮತ್ತು ಉಪಕರಣ ಒಂದೇ ಆಗಿದ್ದು, ಬೇರೆ ಬೇರೆ ಅಳತೆಯ ಬುಷ್‌ಗಳ ಹರವು ಹೆಚ್ಚುಕಡಿಮೆ ಸಮನಾಗಿದ್ದರೆ, ಅವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಇಡಬಹುದು. ಆರು ತಿಂಗಳಲ್ಲಿ ನಿಮ್ಮ ಬಳಿ ನೂರು ಅಳತೆಗಳು ಸೇರುತ್ತವೆ. ಅಷ್ಟರಲ್ಲಿ ಒಂದು ಮಳೆಗಾಲವೋ ಒಂದು ಚಳಿಗಾಲವೋ ಅದರೊಳಗೆ ಬಂದಿರುತ್ತದೆ. ಪಿಪಿಕೆ ಲೆಕ್ಕವನ್ನು ಆಗ ಮಾಡಿ, ಅಳತೆಗಳ ಪಟ್ಟಿಯನ್ನು ನಮಗೂ ಕಳಿಸಿಕೊಡಿ.